ಅಡಿಗೆ ಭಟ್ಟರ ವಿಸ್ಕಿ ಯಾತ್ರೆ

೧೨ ಅಕ್ಟೋಬರ್ ೨೦೨೫, ಆದಿತ್ಯವಾರ

ಇವತ್ತು ವಿಟ್ಲದ ಗೃಹಪ್ರವೇಶದಲ್ಲಿ ಸಾರಿನ ಕೊತ್ತಂಬರಿ ಸೀಯಿತು. ಸೀದದ್ದು ನನ್ನ ಕೈಯಲ್ಲಿ, ಗೊತ್ತಾದದ್ದು ನನ್ನನ್ನು ಬಿಟ್ಟು ಉಳಿದ ಎಲ್ಲರಿಗೆ. ಬಾಣಲೆಯ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಹುರಿಯುವ" ಎನ್ನುತ್ತಿದ್ದೆ. ಕಾಯಿ ತುರಿಯುತ್ತಿದ್ದ ಹೆಂಗಸರು ಮೂಗು ಮುಚ್ಚಿಕೊಂಡಾಗ ಬಗ್ಗಿ ನೋಡಿದರೆ, ಇದ್ದಿಲು. ಗ್ಯಾಸ್ ಒಲೆಯನ್ನು ಬೈದು ಮರ್ಯಾದೆ ಉಳಿಸಿಕೊಂಡೆ. ಕುಣಿಯಲಾರದವನಿಗೆ ನೆಲ ಡೊಂಕು.

ಮಳೆಗಾಲದ ಆಟಿ ತಿಂಗಳಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತದೆ. ಪರಿಮಳ ಮಾತ್ರ ಇಲ್ಲ. ಇಂಗು ಕೂಡ ಇಲ್ಲ! ಬೇರೆಯವರಾದರೆ ಹೇಗೋ ದಿನ ದೂಡಿಯಾರು. ನಾನು ಅಡಿಗೆಯವನು. ದೇವರಿಗೆ ನೈವೇದ್ಯ ಆಗುವ ಮೊದಲು ಒಂದು ಹನಿಯನ್ನೂ ಬಾಯಿಗೆ ಹಾಕುವ ಕ್ರಮ ನಮ್ಮಲ್ಲಿಲ್ಲ. ನಮ್ಮ ಕಸುಬಿನವರು ರುಚಿ ನೋಡುವುದು ಮೂಗಿನಿಂದ. ಕನ್ಯಾನದ ಶಿವಸುಬ್ರಹ್ಮಣ್ಯ ಭಟ್ಟನ ಸಾರಿಗೆ ಪಂಕ್ತಿಯಲ್ಲಿ ಕೂತವರು ಎರಡನೇ ಸಲ ಕೈಯೊಡ್ಡುತ್ತಾರೆ ಎಂಬ ಹೆಸರು ಉಂಟಲ್ಲ, ಅದು ಈ ಮೂಗು ಸಂಪಾದಿಸಿದ್ದು.

ಡಾಕ್ಟರು ಹೇಳಿದ್ದು ಇಷ್ಟು: ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಇವನ್ನು ದಿನವೂ ಮೂಸಿ, ಏನು ಗೊತ್ತಾಯಿತೆಂದು ಬರೆದಿಡಿ. ಏನೂ ಗೊತ್ತಾಗುವುದಿಲ್ಲವಾದ್ದರಿಂದ ಬೇರೆ ವಿಷಯ ಬರೆಯುತ್ತಿದ್ದೇನೆ.

ಡಿಸೆಂಬರ್ ಏಳಕ್ಕೆ ಮೂಡುಬಿದಿರೆಯಲ್ಲಿ ಪದ್ಮಯ್ಯನವರ ಮಗಳ ಮದುವೆ. ಅಜ್ಜನ ಕಾಲದಿಂದ ಅವರ ಮನೆಯ ಎಲ್ಲ ಶುಭಕಾರ್ಯಕ್ಕೂ ನಮ್ಮದೇ ಸೌಟು. ಅಲ್ಲಿ ಸಾರು ಕೆಟ್ಟರೆ ಮತ್ತೆ ಈ ಸೀಮೆಯಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ.

೧೪ ಅಕ್ಟೋಬರ್, ಮಂಗಳವಾರ

ಲವಂಗ ಇಲ್ಲ. ನಿಂಬೆ ಇಲ್ಲ. ಗುಲಾಬಿ ಇಲ್ಲ. ನೀಲಗಿರಿ ಎಣ್ಣೆಗೆ ಕಣ್ಣು ಉರಿಯಿತು, ಅಷ್ಟೇ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಪರಮೇಶ್ವರಿ, ಉಪ್ಪಿನಕಾಯಿ ಬೇಕೋ ಎಂದು ಕೇಳುವ ಸ್ವರದಲ್ಲೇ ಹೇಳಿದಳು: "ಆನು ಕೊರಗಜ್ಜಂಗೆ ಹರಕೆ ಹೇಳಿದ್ದೆ."

ಕಳೆದುಹೋದದ್ದನ್ನು ಹುಡುಕಿಕೊಡುವುದರಲ್ಲಿ ಈ ದೈವಕ್ಕೆ ಸಮ ಇನ್ನೊಂದಿಲ್ಲ ಎಂದು ನಮ್ಮ ಕಡೆ ನಂಬಿಕೆ. ದನ ತಪ್ಪಿಸಿಕೊಂಡರೂ ಬಳೆ ಬಿದ್ದರೂ ಮೊಬೈಲ್ ಕಾಣದಿದ್ದರೂ ಜನ ಅಜ್ಜನಿಗೇ ಹೇಳಿಕೊಳ್ಳುವುದು. ಸಿಕ್ಕಿದ ಮೇಲೆ ಅಜ್ಜನ ಕಟ್ಟೆಗೆ ಹೋಗಿ ಚಕ್ಕುಲಿ, ವೀಳ್ಯ, ಒಂದು ಕುಪ್ಪಿ ಸಾರಾಯಿ ಇಟ್ಟು ಕೈಮುಗಿದು ಬರಬೇಕು.

"ಮೂಗು ಕಳೆದುಹೋದ ವಸ್ತುವೋ?" ಎಂದೆ.

"ಮೂಗು ಅಲ್ಲೇ ಇದ್ದು. ಪರಿಮಳ ಕಾಣೆ ಆದ್ದಲ್ಲದೋ?"

"ಕುಪ್ಪಿ ತಕ್ಕೊಂಬದಾರು?"

"ನಿಂಗಳೇ. ಒಳ್ಳೆದು ನೋಡಿ, ನಿಂಗಳ ಕೈಯಾರೆ ತರೆಕ್ಕು ಹೇಳಿ ಹರಕೆ."

ವೈನ್ ಶಾಪಿನ ಕಡೆಗೆ ತಲೆಹಾಕಿಯೂ ಮಲಗದವನು ನಾನು. ಅದರಲ್ಲಿ ಒಳ್ಳೆಯದು ಯಾವುದು, ಕೆಟ್ಟದು ಯಾವುದು ಎಂದು ನನಗೆ ಹೇಗೆ ಗೊತ್ತಾಗಬೇಕು? ಹರಕೆ ಹೊರುವುದಕ್ಕೆ ಮೊದಲು ಗಂಡನನ್ನು ಒಂದು ಮಾತು ಕೇಳುವ ಕ್ರಮ ಇವಳಿಗೆ ಮೊದಲಿನಿಂದಲೂ ಇಲ್ಲ.

೧೭ ಅಕ್ಟೋಬರ್, ಶುಕ್ರವಾರ

ನಮಗೆ ಬಾಳೆ ಎಲೆ ಒದಗಿಸುವ ಅಬೂಬಕ್ಕರರ ಮಗ ಅನ್ಸಾಫ್ ಬಂದಿದ್ದ. ಮೂರು ಮಕ್ಕಳ ತಂದೆ, ಟೂರಿಸ್ಟ್ ವ್ಯಾನ್ ಓಡಿಸುತ್ತಾನೆ. ನಾನು ಲವಂಗದ ಡಬ್ಬಿಯೊಳಗೆ ಮೂಗು ತುರುಕಿಕೊಂಡು ಕೂತದ್ದನ್ನು ನೋಡಿಬಿಟ್ಟ. ಹೇಳದೆ ಉಪಾಯವಿರಲಿಲ್ಲ. ಅವನ ಬಾಯಿ ಭದ್ರ, ಗುಟ್ಟು ಹೊರಗೆ ಬೀಳುವುದಿಲ್ಲ.

"ಲವಂಗದಲ್ಲಿ ಎಂತ ಉಂಟು ಭಟ್ರೇ? ವಾಸನೆ ಬೇಕಾದ್ರೆ ನನ್ನೊಟ್ಟಿಗೆ ಬನ್ನಿ. ಬೆಳ್ತಂಗಡಿಯಲ್ಲೊಂದು, ಬಂಟ್ವಾಳದಲ್ಲೊಂದು, ಮೂಡುಬಿದಿರೆ ಹತ್ತಿರ ಒಂದು, ಸಣ್ಣ ಸಣ್ಣ ವಿಸ್ಕಿ ಕಾರ್ಖಾನೆ ಆಗಿದೆ. ಮೈಸೂರು, ಕೊಚ್ಚಿಯಿಂದೆಲ್ಲ ಜನ ನೋಡ್ಲಿಕ್ಕೆ ಬರ್ತಾರೆ. ಶನಿವಾರ, ಆದಿತ್ಯವಾರ ನನ್ನದೇ ವ್ಯಾನ್. ಅದರ ಒಳಗೆ ಹೋದ್ರೆ ಸತ್ತವನ ಮೂಗೂ ಎದ್ದು ಕೂತ್ಕೊಳ್ತದೆ."

"ನೀನು ಕುಡೀತೀಯೋ?"

"ಯಾ ಅಲ್ಲಾ! ಇಲ್ಲ ಭಟ್ರೇ. ಅದಕ್ಕೇ ಅಲ್ವಾ ನನ್ನನ್ನು ಡ್ರೈವರ್ ಮಾಡಿದ್ದು?"

ಛೀ, ಬೇಡ ಎಂದೆ. ಪರಮೇಶ್ವರಿ ಒಳಗಿನಿಂದಲೇ "ಹೋಗಿ ಬನ್ನಿ, ಕುಪ್ಪಿಯೂ ನೋಡಿದ ಹಾಂಗೆ ಆತು" ಎಂದಳು.

೨೫ ಅಕ್ಟೋಬರ್, ಶನಿವಾರ

ಹೋದೆ. ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಬುಡದಲ್ಲಿ ರಬ್ಬರ್ ತೋಟದ ನಡುವೆ ಉಂಟು. ಗುರುತಿನವರು ಯಾರಾದರೂ ನೋಡಿಯಾರೆಂದು ಶಾಲನ್ನು ಮೂಗಿನವರೆಗೆ ಹೊದ್ದುಕೊಂಡೇ ವ್ಯಾನಿನಿಂದ ಇಳಿದೆ. ಕೊಚ್ಚಿಯ ಒಬ್ಬರು "ಸ್ವಾಮೀಜಿಯೋ?" ಎಂದು ಅನ್ಸಾಫನನ್ನು ಕೇಳಿದರಂತೆ.

ಒಳಗೆ ತಾಮ್ರದ ದೊಡ್ಡ ಹಂಡೆ. ನಮ್ಮ ಬಚ್ಚಲಿನ ಹಂಡೆಗೆ ಆನೆಯ ಸೊಂಡಿಲು ಕೂರಿಸಿದ ಹಾಗೆ ಉಂಟು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಇನ್ನೂ ಹೊಳೆಯುತ್ತಿತ್ತು. ಯಾರೂ ನನ್ನನ್ನು ಕೇಳಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಟೂರಿನ ಗೈಡ್ ವಿಸ್ಮಿತಾ ಎಂಬ ಹುಡುಗಿ. ಅಳದಂಗಡಿ ಕಡೆಯವಳು, ಕೆಮಿಸ್ಟ್ರಿ ಓದಿದವಳು. ಎಲ್ಲರ ಕೈಗೂ ಒಂದೊಂದು ಗ್ಲಾಸ್ ಕೊಟ್ಟು, "ಕುಡಿಯುವ ಮೊದಲು ಮೂಗಿಗೆ ಬಂದದ್ದನ್ನು ಹೇಳಿ. ಮೊದಲು ಮೇಲೆ ತೇಲುವುದು, ಮತ್ತೆ ನಡುವಿನದ್ದು, ಕೊನೆಗೆ ಅಡಿಯಲ್ಲಿ ಉಳಿಯುವುದು. ಸರಿ ತಪ್ಪು ಅಂತ ಇಲ್ಲ" ಎಂದಳು. ಒಬ್ಬರು ವೆನಿಲ್ಲಾ ಎಂದರು, ಇನ್ನೊಬ್ಬರು ಒಣದ್ರಾಕ್ಷಿ ಎಂದರು. ಗಡ್ಡದ ಒಬ್ಬರು ಕಣ್ಣು ಮುಚ್ಚಿ "ಹಳೆಯ ಲೈಬ್ರರಿ" ಎಂದರು! ನನ್ನ ಸರದಿ ಬಂತು. ಮೂಸಿ, "ನೀರು" ಎಂದೆ. ಆ ಹುಡುಗಿ ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

ಪೀಪಾಯಿಗಳ ಕೋಣೆಯಲ್ಲಿ ಇನ್ನೊಂದು ವಿಷಯ ಹೇಳಿದಳು. ನಮ್ಮ ಸೆಕೆಗೆ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷ ವರ್ಷವೂ ಸ್ವಲ್ಪ ಆವಿಯಾಗಿ ಹೋಗುತ್ತದಂತೆ. "ಹೊರದೇಶದಲ್ಲಿ ಅದನ್ನು ದೇವತೆಗಳ ಪಾಲು ಅಂತಾರೆ. ನಾವಿಲ್ಲಿ ಅಜ್ಜನ ಪಾಲು ಅಂತೇವೆ."

ಹಾಗಾದರೆ ಅಜ್ಜನಿಗೆ ಈಗಾಗಲೇ ಸಾಕಷ್ಟು ಸಲ್ಲುತ್ತಾ ಉಂಟು, ನಮ್ಮ ಕುಪ್ಪಿ ಯಾಕೆ ಎಂದು ಮನೆಗೆ ಬಂದು ಕೇಳಿದೆ. ಪರಮೇಶ್ವರಿ ಲವಂಗದ ಡಬ್ಬಿಯನ್ನು ತಂದು ನನ್ನ ಮುಂದೆ ಕುಕ್ಕಿದಳು.

೨ ನವೆಂಬರ್, ಆದಿತ್ಯವಾರ

ಬಂಟ್ವಾಳ. ಹಳೆಯ ಹಂಚಿನ ಕಾರ್ಖಾನೆಯ ಒಳಗೆ ಮಾಡಿದ್ದಾರೆ. ಹಂಚು ಸುಡುತ್ತಿದ್ದ ಜಾಗದಲ್ಲಿ ಈಗ ಧಾನ್ಯ ಹುಳಿ ಬರಿಸುವ ತೊಟ್ಟಿಗಳು. ಎಲ್ಲರೂ ಬಗ್ಗಿ ನೋಡಿ ಮೂಗು ಹಿಂಡಿಕೊಂಡರು. ನಾನು ನಿರಾಳವಾಗಿ ನಿಂತೆ. ಮೂಗಿಲ್ಲದವನಿಗೂ ಒಂದೊಂದು ಕಡೆ ಸುಖ ಉಂಟು.

ವಿಸ್ಮಿತಾ ಹತ್ತಿರ ಬಂದು ಮೆಲ್ಲನೆ ಕೇಳಿದಳು: "ಸರ್, ನಿಮಗೆ ಗೊತ್ತಾಗುವುದಿಲ್ಲ ಅಲ್ವಾ?"

ಇಲ್ಲ ಎನ್ನಬೇಕೆಂದಿದ್ದೆ. ಆ ಹುಡುಗಿ ಕೇಳಿದ ರೀತಿಯಲ್ಲಿ ಕುಹಕ ಇರಲಿಲ್ಲ. ಹೌದು ಎಂದುಬಿಟ್ಟೆ. ಯಾರೋ ಬೆನ್ನ ಮೇಲಿಂದ ಅಕ್ಕಿ ಮೂಟೆ ಇಳಿಸಿದ ಹಾಗಾಯಿತು.

"ಮೊದಲು ನೆನಪು ಮಾಡಿ, ಮತ್ತೆ ಮೂಸಿ. ಮೂಗಿಗೆ ದಾರಿ ಮರೆತಿರ್ತದೆ. ನೆನಪು ಮುಂದೆ ಹೋದರೆ ಅದು ಹಿಂದಿನಿಂದ ಬರ್ತದೆ" ಎಂದಳು.

ಕಣ್ಣು ಮುಚ್ಚಿ ನೆನಪು ಮಾಡಿದೆ. ಸೆಕೆಗಾಲದ ಬೆಳಿಗ್ಗೆ ಪಾತ್ರೆಯಿಂದ ಉಕ್ಕಿ ನೆಲಕ್ಕಿಳಿದ ದೋಸೆ ಹಿಟ್ಟು. ನೆನಪು ಬಂತು. ಹಿಂದಿನಿಂದ ಯಾರೂ ಬರಲಿಲ್ಲ.

ಮಧ್ಯಾಹ್ನ ಉಳಿದವರೆಲ್ಲ ಗ್ಲಾಸ್ ಹಿಡಿದು ಹಾಡುತ್ತಿದ್ದರು. ನಾನೂ ಅನ್ಸಾಫನೂ ವ್ಯಾನಿನ ಮೆಟ್ಟಿಲಲ್ಲಿ ಕೂತು ಬುತ್ತಿ ಬಿಚ್ಚಿದೆವು. ನನ್ನದು ಮೊಸರನ್ನ, ಅವನದು ಅವನ ಹೆಂಡತಿ ನಬೀಸಾ ಕಟ್ಟಿಕೊಟ್ಟ ಪತ್ತಿರ್, ಅಕ್ಕಿ ರೊಟ್ಟಿ. "ಇಡೀ ಟೂರಿನಲ್ಲಿ ಬುದ್ಧಿ ಸರಿ ಇರುವವರು ನಾವಿಬ್ಬರೇ ಭಟ್ರೇ" ಎಂದ. ವಿಸ್ಕಿ ಕಾರ್ಖಾನೆಗೆ ಬಂದು ಮೊಸರನ್ನ ಉಣ್ಣುವವನ ಬುದ್ಧಿ ಸರಿ ಇದೆಯೆಂದು ಅವನಿಗೆ ಹೇಗೆ ಅನ್ನಿಸಿತೋ.

೯ ನವೆಂಬರ್, ಆದಿತ್ಯವಾರ

ಮೂಡುಬಿದಿರೆಯ ಹತ್ತಿರದ್ದು ಹಳೆಯ ಅಕ್ಕಿ ಗಿರಣಿಯಲ್ಲಿ. ಅಲ್ಲಿ ಸಂತೋಷ ತಡೆಯಲಾರದ ಒಬ್ಬ ಮೈಸೂರಿನವರು ನನ್ನನ್ನು ಅಪ್ಪಿಕೊಂಡು, ಕೈಯಲ್ಲಿದ್ದ ಗ್ಲಾಸನ್ನು ನನ್ನ ಶಾಲಿನ ಮೇಲೆ ಕವುಚಿದರು. ಪರವಾಗಿಲ್ಲ ಎಂದೆ. ನನಗೆ ಅದು ನೀರೇ ತಾನೆ?

ಅದೇ ಹೊತ್ತಿಗೆ ಪದ್ಮಯ್ಯನವರ ಫೋನ್. ಊಟದ ಪಟ್ಟಿ ಮಾತಾಡಬೇಕು, ಈ ಕಡೆ ಬಂದರೆ ಸಿಕ್ಕಿ ಎಂದರು. ಇಲ್ಲೇ ಇದ್ದೇನೆ ಎಂದು ಅನ್ಸಾಫನ ವ್ಯಾನಿನಲ್ಲೇ ಹೋದೆ. ಅವರು ಏಲಕ್ಕಿ, ಕಾಳುಮೆಣಸಿನ ದೊಡ್ಡ ವ್ಯಾಪಾರಿ. ಯಾವುದೇ ಕೆಲಸಕ್ಕೆ ಮುಂಗಡ ಕೊಡದೆ ಮಾತು ಮುಗಿಸಿದವರಲ್ಲ. ಹತ್ತಿರ ಕೂತು ಎಲ್ಲ ನಿರ್ಣಯ ಮಾಡಿದೆವು. ಜೈನರ ಮದುವೆ, ಗೆಡ್ಡೆ ಗೆಣಸು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಜೇನು ಇಲ್ಲ. "ಸಾರು ಮಾತ್ರ ನಿಮ್ಮದೇ ಆಗ್ಬೇಕು ಭಟ್ರೇ" ಎಂದರು. ಅವರ ಸೊಸೆ ನೀರು ತಂದವಳು ಕೈಗೆ ಕೊಡದೆ, ಅಷ್ಟು ದೂರದಲ್ಲೇ ಗ್ಲಾಸ್ ಇಟ್ಟು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಈಗಿನ ಹೆಣ್ಣುಮಕ್ಕಳಿಗೆ ಹಿರಿಯರೆಂದರೆ ಅಷ್ಟಕ್ಕಷ್ಟೆ.

ಮನೆಗೆ ಬಂದರೆ ಪರಮೇಶ್ವರಿ ಜಗಲಿಯಲ್ಲೇ ತಡೆದಳು. "ಒಳ ಬಪ್ಪಲೆ ಇಲ್ಲೆ! ಮೀಸೆಂದ ಕಾಲವರೆಗೆ ನಾರ್ತು!"

ಆಗಲೇ ನನಗೆ ಗೊತ್ತಾದದ್ದು. ವಿಸ್ಕಿಯಲ್ಲಿ ಮಿಂದವನ ಹಾಗೆ ಜೈನರ ಮನೆಯ ಚಾವಡಿಯಲ್ಲಿ ಕೂತು ಬಂದಿದ್ದೇನೆ. ಅನ್ಸಾಫನಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಫೋನ್ ಮಾಡಿ ಬೈದೆ. "ನನ್ನ ವ್ಯಾನಿನಲ್ಲಿ ಯಾವಾಗ್ಲೂ ಅದೇ ವಾಸನೆ ಅಲ್ವಾ ಭಟ್ರೇ, ಮೂಗು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ" ಎಂದ. ಪಾಪ.

೧೧ ನವೆಂಬರ್, ಮಂಗಳವಾರ

ಸುದ್ದಿ ವಿಟ್ಲಕ್ಕೆ ಬಂದು ಮುಟ್ಟಿದೆ. ಭಟ್ಟರು ಈಗ ಶುರು ಮಾಡಿದ್ದಾರಂತೆ, ಕೊತ್ತಂಬರಿ ಸೀದದ್ದು ಸುಮ್ಮನೆ ಅಲ್ಲವಂತೆ.

ಸಂಜೆ ಪದ್ಮಯ್ಯನವರ ಫೋನ್. "ಮಾತಾಡ್ಲಿಕ್ಕುಂಟು. ನಾಡಿದ್ದು ಬನ್ನಿ." ಅಷ್ಟೇ.

ಕುಡಿಯಲಿಲ್ಲ ಎಂದು ಸಾಧಿಸಬೇಕಾದರೆ ಅಲ್ಲಿಗೆ ಯಾಕೆ ಹೋದೆ ಎಂದು ಹೇಳಬೇಕು. ಅದನ್ನು ಹೇಳಿದರೆ ಮೂಗಿಲ್ಲದ್ದು ಬಯಲಾಗುತ್ತದೆ. ಕುಡುಕ ಅಡಿಗೆಯವನಿಗಾದರೂ ಎಲ್ಲೋ ಕೆಲಸ ಸಿಕ್ಕೀತು. ಮೂಗಿಲ್ಲದವನನ್ನು ಯಾರು ಕರೆಯುತ್ತಾರೆ? ಅತ್ತ ದರಿ, ಇತ್ತ ಪುಲಿ. ಕೆಮ್ಮಿನ ಔಷಧಿ ಮೈಮೇಲೆ ಚೆಲ್ಲಿತ್ತು ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ.

ಪರಮೇಶ್ವರಿ ಆ ಶಾಲನ್ನು ಮೂರನೇ ಸಲ ಒಗೆದು ಹಾಕಿದಳು.

೧೩ ನವೆಂಬರ್, ಗುರುವಾರ

ಕೆಮ್ಮಿನ ಔಷಧಿಯನ್ನು ಬಸ್ಸಿನಲ್ಲಿ ಐದಾರು ಸಲ ಬಾಯಿಪಾಠ ಮಾಡಿಕೊಂಡೇ ಹೋದೆ. ಪದ್ಮಯ್ಯನವರು ಚಾವಡಿಯ ಬಾಗಿಲು ಹಾಕಿ ಎದುರು ಕೂತರು. "ಸೊಸೆ ಏನೋ ಹೇಳ್ತಾಳೆ. ನಾನು ನಂಬ್ಲಿಲ್ಲ. ನೀವೇ ಹೇಳಿ" ಎಂದರು. ನಂಬಲಿಲ್ಲ ಎಂದರಲ್ಲ, ಅಲ್ಲಿಗೆ ನನ್ನ ಬಾಯಿಪಾಠ ಮರೆತುಹೋಯಿತು. ಜ್ವರ, ಇಂಗು, ಲವಂಗ, ಅನ್ಸಾಫ್, ವಿಸ್ಮಿತಾ, ಶಾಲು ಎಲ್ಲವನ್ನೂ ಹೇಳಿಬಿಟ್ಟೆ. "ಬೇರೆಯವರನ್ನು ನೋಡಿ. ನಿಮ್ಮ ಮಗಳ ಮದುವೆ ಹಾಳು ಮಾಡ್ಲಿಕ್ಕೆ ನನಗೆ ಮನಸ್ಸಿಲ್ಲ" ಎಂದು ಎದ್ದೆ.

"ಕೂತುಕೊಳ್ಳಿ ಮಾರಾಯ್ರೇ" ಎಂದರು. ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. "ನನ್ನದು ಕೊರೋನಾ ಬಂದಾಗ ಹೋದದ್ದು. ಇನ್ನೂ ಬರ್ಲಿಲ್ಲ."

ಎದ್ದವನು ಮತ್ತೆ ಕೂತೆ.

"ಏಲಕ್ಕಿ ವ್ಯಾಪಾರಿಗೆ ಮೂಗಿಲ್ಲ ಅಂತ ಗೊತ್ತಾದ್ರೆ ಪೇಟೆಯಲ್ಲಿ ನಿಲ್ಲಿಸ್ತಾರಾ? ಮಾಲು ಬಂದಾಗ ಸೊಸೆ ಮೂಸ್ತಾಳೆ, ನಾನು ತಲೆ ಅಲ್ಲಾಡಿಸ್ತೇನೆ. ಮಗನಿಗೂ ಗೊತ್ತಿಲ್ಲ. ಮೊನ್ನೆ ನೀವು ಪಕ್ಕದಲ್ಲೇ ಕೂತಿದ್ರಿ, ನನಗೆಂತ ಗೊತ್ತು?"

"ಹೋದ ವರ್ಷ ಪೂಜೆಯ ಊಟದಲ್ಲಿ ಸಾರಿನ ಪರಿಮಳ ಭಾರಿ ಉಂಟು ಅಂತ ಹೊಗಳಿದ್ರಲ್ಲ?"

"ನಿಮ್ಮ ಸಾರನ್ನು ನಾನು ನೆನಪಿನಿಂದ ಉಣ್ಣುವುದು ಭಟ್ರೇ."

ಇಬ್ಬರೂ ಒಮ್ಮೆ ಮುಖ ಮುಖ ನೋಡಿಕೊಂಡೆವು. ಮತ್ತೆ ನಗು ತಡೆಯಲಿಕ್ಕೆ ಆಗಲಿಲ್ಲ. ಸೊಸೆ ಬಾಗಿಲು ಸ್ವಲ್ಪ ತೆರೆದು ನೋಡಿದಳು. ಇಬ್ಬರೂ ಕುಡಿದಿದ್ದಾರೆ ಎಂದೇ ಅಂದುಕೊಂಡಿರಬೇಕು.

ಸಾರು ನನ್ನದೇ ಎಂದು ನಿಶ್ಚಯವಾಯಿತು. ಅಡ್ವಾನ್ಸನ್ನು ಜೇಬಿಗೆ ತುರುಕಿಯೇ ಕಳಿಸಿದರು. ಊರಿಗೆ ಬಂದು ನನ್ನ ಜೊತೆ ಬಡಿಸುವವರನ್ನೆಲ್ಲ ಕರೆದು ನನ್ನ ಮೂಗಿನ ವಿಷಯ ಹೇಳಿದೆ. ಮಸಾಲೆ ಹುರಿಯುವಾಗ ಕೈ ನನ್ನದು, ಮೂಗು ಪರಮೇಶ್ವರಿಯದು. ಅವಳಂತೂ ಈಗಲೇ ನನಗೆ ಮೇಸ್ತ್ರಿಯಾಗಿದ್ದಾಳೆ.

೨೨ ನವೆಂಬರ್, ಶನಿವಾರ

ಮತ್ತೆ ಬೆಳ್ತಂಗಡಿಗೆ. ಮೂಗಿಗಾಗಿ ಅಲ್ಲ, ಅದರ ಆಸೆ ಬಿಟ್ಟಿದ್ದೇನೆ. ಹರಕೆಯ ಕುಪ್ಪಿ ಯಾವುದೆಂದು ನೋಡಬೇಕಲ್ಲ. ವಿಸ್ಮಿತಾ ಇನ್ನೊಂದು ಗುಂಪಿನ ಜೊತೆ ಇದ್ದದ್ದರಿಂದ, ಬಂದವರಿಗೆ ಹಂಡೆಯ ವಿಷಯ ನಾನೇ ಹೇಳಬೇಕಾಯಿತು. ಮೊದಲು ಬಂದದ್ದನ್ನೂ ಕೊನೆಗೆ ಬಂದದ್ದನ್ನೂ ಬಿಟ್ಟು ನಡುವಿನದ್ದನ್ನು ಮಾತ್ರ ಹಿಡಿಯುತ್ತಾರೆ. ಒಲೆ ಜೋರು ಮಾಡಿದರೆ ಕೆಟ್ಟಿತು, ಪಾಯಸದ ಹಾಗೆ ಸಣ್ಣ ಉರಿಯಲ್ಲಿ ಕಾಯಬೇಕು. ಒಬ್ಬರು ಮೊಬೈಲಿನಲ್ಲಿ ನನ್ನದು ವಿಡಿಯೋ ಮಾಡಿದರು. ಶಾಲು ವ್ಯಾನಿನಲ್ಲೇ ಬಿಟ್ಟಿದ್ದೆ, ಸ್ವಲ್ಪ ಚಳಿಯಾಯಿತು.

ಬರುವಾಗ ಹಿಂದಿನ ಸೀಟಿನವನೊಬ್ಬ ಶೂ ಬಿಚ್ಚಿ ಕೂತಿದ್ದ. ಎಂಥ ಕಾಲುಚೀಲವೋ, ಎಂದು ಒಗೆದದ್ದೋ. ಕಿಟಕಿ ತೆಗೆಸಿದೆ. ಸ್ವಚ್ಛತೆ ಎಂಬುದು ಓದಿದವರಿಗೂ ಬೇಡವಾಗಿದೆ.

೩೦ ನವೆಂಬರ್, ಆದಿತ್ಯವಾರ

ಲವಂಗ ಇಲ್ಲ. ನಿಂಬೆ ಇಲ್ಲ. ಉಳಿದದ್ದು ಮೂಸಲಿಲ್ಲ, ಬೇಸರ. ಹಿತ್ತಿಲಿನಾಚೆ ಸೇಸಮ್ಮನ ಮನೆಯಲ್ಲಿ ಹಾಲು ತಳಹಿಡಿಯುತ್ತಾ ಇತ್ತು. ಇಲ್ಲಿಂದಲೇ ಕೂಗಿ ಹೇಳಿದೆ. ಒಲೆಯ ಮೇಲೆ ಹಾಲಿಟ್ಟು ಟಿವಿ ನೋಡಿದರೆ ಇನ್ನೇನಾಗುತ್ತದೆ?

ಮದುವೆಗೆ ಇನ್ನು ಒಂದು ವಾರ. ಸಾಮಾನಿನ ಪಟ್ಟಿಯನ್ನು ಮೂರನೇ ಸಲ ಬರೆದೆ.

೮ ಡಿಸೆಂಬರ್, ಸೋಮವಾರ

ನಿನ್ನೆಯ ಮದುವೆಯ ವಿಷಯ ಇವತ್ತು ಬರೆಯುತ್ತಿದ್ದೇನೆ.

ಮಸಾಲೆ ಹುರಿದದ್ದು ಪರಮೇಶ್ವರಿಯ ಮೂಗಿನ ಆಜ್ಞೆಯಂತೆ. "ಈಗ ತೆಗೆಯಿರಿ" ಎಂದಾಗ ತೆಗೆದೆ. ಆಮೇಲೆ ನಾನು ಹೋಳಿಗೆಯ ಕಡೆ ಹೋದವನು, ಬಡಿಸುವವರೆಗೂ ಸಾರಿನ ಮುಖ ನೋಡಲಿಲ್ಲ. ಪಂಕ್ತಿಯಲ್ಲಿ ಕೈಯೊಡ್ಡುತ್ತಾರೋ ಎಂದು ಕಂಬದ ಮರೆಯಿಂದ ನೋಡಿದೆ. ಒಡ್ಡಿದರು. ಆದರೂ ಪರರ ಮಗುವನ್ನು ತನ್ನದೆಂದು ತೋರಿಸಿದವನ ಹಾಗೆ ನನಗೆ ಸಮಾಧಾನವಿಲ್ಲ.

ಕೊನೆಯ ಪಂಕ್ತಿಯಲ್ಲಿ ಪದ್ಮಯ್ಯನವರು ಕೂತರು. ನಾನೇ ಬಡಿಸಲಿಕ್ಕೆ ಹೋದೆ. ಅನ್ನದ ಮೇಲೆ ಸಾರು ಬಿದ್ದದ್ದೇ, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಹೇಳಿ ಭಟ್ರೇ, ಹೇಗುಂಟು ಪರಿಮಳ?"

"ನನ್ನನ್ನು ಕೇಳಿದ್ರೆ? ನಾನೂ ನಿಮ್ಮ ಹಾಗೆಯೇ ಅಲ್ವಾ?"

"ನೆನಪಿನಿಂದ ಹೇಳಿ. ನಾನು ನೆನಪಿನಿಂದ ಉಣ್ಣುತ್ತೇನೆ. ಮಗಳ ಮದುವೆಯ ಸಾರು, ಇಬ್ಬರೂ ಸೇರಿ ಒಮ್ಮೆ ಉಣ್ಣುವ."

ಬಗ್ಗಿದೆ. ವಿಸ್ಮಿತಾ ಕಲಿಸಿದ ಕ್ರಮದಲ್ಲೇ ಹೇಳಿದೆ. "ಮೊದಲು ಮೇಲೆ ತೇಲುವುದು ತುಪ್ಪ, ಅದರಲ್ಲಿ ಸಿಡಿದ ಕರಿಬೇವು. ನಡುವಿನಲ್ಲಿ ಕೊತ್ತಂಬರಿ, ಜೀರಿಗೆ, ಕೆಂಪಾಗುವುದಕ್ಕೆ ಸ್ವಲ್ಪ ಮೊದಲೇ ತೆಗೆದದ್ದು. ಇಂಗು ಉಂಟು, ಆದರೆ ಬಾಗಿಲಿನಿಂದ ಹೊರಗೆ ನಿಂತಿದೆ, ಕರೆದರೆ ಮಾತ್ರ ಬರ್ತದೆ. ಅಡಿಯಲ್ಲಿ ಬೇಳೆಯ ಕಟ್ಟು. ಬೆಲ್ಲ ಸ್ವಲ್ಪ, ಜೇನಿನ..." ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವರು ಕಣ್ಣು ಮುಚ್ಚಿ, ತುತ್ತು ತುತ್ತಿಗೂ ತಲೆದೂಗುತ್ತಾ ಉಣ್ಣುತ್ತಿದ್ದರು. "ಮತ್ತೆ?" ಎಂದರು.

"ಮತ್ತೆ, ಸ್ವಲ್ಪ ಹೊಗೆ. ಗೇರು ಮರದ ಹಸಿ ಸೌದೆಯ ಹೊಗೆ."

ಹೇಳಿದ ಮೇಲೆ ನನಗೇ ಹೊಳೆಯಿತು. ನಮ್ಮ ಸಾರಿನಲ್ಲಿ ಹೊಗೆ ಎಲ್ಲಿಯದು? ಗ್ಯಾಸಿನಲ್ಲಿ ಮಾಡಿದ್ದಲ್ಲವೇ? ನನ್ನ ನೆನಪಿನ ಸಾರಿನಲ್ಲಿ ಹೊಗೆ ಯಾವತ್ತೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಪರಮೇಶ್ವರಿಯನ್ನು ಅಲ್ಲಿಂದಲೇ ಕೇಳಿದೆ: "ಸಾರು ಎಲ್ಲಿ ಕೊದಿಶಿದ್ದು?"

"ಗ್ಯಾಸು ಮುಗುದತ್ತು. ಹಿಂದಾಣ ಸೌದೆ ಒಲೆಲಿ. ನಿಂಗೊ ಬೈವಿ ಹೇಳಿ ಹೇಳಿದ್ದಿಲ್ಲೆ..." ಎಂದವಳು ಅರ್ಧಕ್ಕೇ ನಿಲ್ಲಿಸಿ ಬಾಯಿಗೆ ಕೈ ಇಟ್ಟುಕೊಂಡಳು.

ನಾನು ಅತ್ತೆ. ಎಲೆಯ ಮುಂದೆ, ಸೌಟು ಹಿಡಿದುಕೊಂಡು, ಬಡಿಸುವವರೆಲ್ಲರ ಎದುರು. ಪದ್ಮಯ್ಯನವರಿಗೆ ಯಾರೂ ಹೇಳಬೇಕಾಗಲಿಲ್ಲ. "ಬಂತಾ?" ಎಂದರು. ತಲೆಯಾಡಿಸಿದೆ. ಅವರು ಎರಡನೇ ಸಲ ಸಾರಿಗೆ ಕೈಯೊಡ್ಡಿದರು.

ಕೈ ತೊಳೆಯುವಲ್ಲಿ ಹತ್ತಿರ ಬಂದು ಪಿಸುಗುಟ್ಟಿದರು. "ನನ್ನದೂ ಕಳೆದುಹೋದದ್ದೇ ಅಲ್ವಾ ಭಟ್ರೇ? ನನ್ನ ಹೆಸರಿನಲ್ಲೂ ಅಜ್ಜನಿಗೆ ಒಂದು ಕುಪ್ಪಿ ಕೊಡಿ. ಮನೆಯಲ್ಲಿ ಗೊತ್ತಾಗುವುದು ಬೇಡ."

"ಅದು ಸಿಕ್ಕಿದ ಮೇಲೆ ಕೊಡುವುದು ಕ್ರಮ" ಎಂದೆ. ಅವರು ಆಗಲೇ ನನ್ನ ಜೇಬಿನಲ್ಲಿ ನೋಟು ತುರುಕಿ ಆಗಿತ್ತು.

೧೩ ಡಿಸೆಂಬರ್, ಶನಿವಾರ

ಬೆಳ್ತಂಗಡಿಗೆ ಹೋಗಿ ಕುಪ್ಪಿ ಆರಿಸಿದೆ. ಒಂದೊಂದನ್ನೇ ಮೂಸಿ, ಇದು ಅವಸರದ್ದು, ಇದರಲ್ಲಿ ಮರವೇ ಹೆಚ್ಚು ಮಾತಾಡುತ್ತದೆ ಎಂದು ಬದಿಗಿಟ್ಟು, ಕೊನೆಗೆ ಬೆಲ್ಲ ಕಾಯಿಸುವ ಮನೆಯ ಪರಿಮಳದ್ದೊಂದನ್ನು ಹಿಡಿದೆ. ಕುಡಿಯುವ ಯೋಚನೆ ಮಾತ್ರ ಬರಲಿಲ್ಲ. ವಿಸ್ಮಿತಾಳ ಕಣ್ಣಿನಲ್ಲಿ ನೀರಿತ್ತು, ಆದರೂ ನಗುತ್ತಿದ್ದಳು. "ಅದರಲ್ಲೇ ಎರಡು ಕೊಡು" ಎಂದೆ.

ಅನ್ಸಾಫನ ವ್ಯಾನಿನಲ್ಲಿ ಕಟ್ಟೆಯವರೆಗೂ ಹೋಗಿ ಬುಟ್ಟಿ ಇಳಿಸಿದರೆ, ಪೇಟೆಯಿಂದ ತಂದ ಚಕ್ಕುಲಿಯಲ್ಲಿ ಹಳೆಯ ಎಣ್ಣೆಯ ಕಮಟು. ಇಷ್ಟು ಒಳ್ಳೆಯ ಕುಪ್ಪಿ ತಂದು ಅಜ್ಜನಿಗೆ ಇಂಥ ಚಕ್ಕುಲಿ ಕೊಡುವುದೇ? ಮನೆಗೆ ವಾಪಸು ಹೋಗಿ ನಾನೇ ಹೊಸದಾಗಿ ಕರಿದೆ. ಪರಮೇಶ್ವರಿ ಗೊಣಗುತ್ತಾ ಅಚ್ಚು ಒತ್ತಿದಳು. ಮೂಗು ಬಂದದ್ದು ಯಾಕಾದರೂ ಬಂತೋ ಎಂದಳು.

ಸಂಜೆ ಮತ್ತೆ ಹೋಗಿ ಚಕ್ಕುಲಿ, ವೀಳ್ಯ, ಎರಡು ಕುಪ್ಪಿ ಸಾಲಾಗಿ ಇಟ್ಟೆ. ದೂರದಲ್ಲಿ ನಿಂತಿದ್ದ ಅನ್ಸಾಫ್, "ಹರಕೆ ಒಂದೇ ಅಲ್ವಾ ಭಟ್ರೇ, ಎರಡು ಯಾಕೆ?" ಎಂದು ಕೇಳಿದ. ಪದ್ಮಯ್ಯನವರ ಹೆಸರು ಹೇಳುವ ಹಾಗಿಲ್ಲ. ಅಜ್ಜನ ಕಡೆ ತಿರುಗಿ ಕೈಮುಗಿದು, ಅವನಿಗೂ ಕೇಳುವಷ್ಟೇ ಸ್ವರದಲ್ಲಿ ಹೇಳಿದೆ:

"ಒಂದು ಸಿಕ್ಕಿದ್ದಕ್ಕೆ. ಇನ್ನೊಂದು ಅಡ್ವಾನ್ಸ್."